ಹತ್ತು ಲೀಟರಿನ ಮನುಷ್ಯ

ಕಂಪ್ಯೂಟರನ್ನು ಲೀಟರಿನಲ್ಲಿ ಅಳೆಯುವವನೇ ಪುಟ್ಟ ಪೀಸಿಯ ಕಟ್ಟಾಳು. ಉಳಿದವರು ಕಂಪ್ಯೂಟರಿನ ವೇಗ ಕೇಳುತ್ತಾರೆ, ಬೆಲೆ ಕೇಳುತ್ತಾರೆ, ಕಂತಿನಲ್ಲಿ ಸಿಗುತ್ತದೆಯೇ ಎಂದು ವಿಚಾರಿಸುತ್ತಾರೆ. ಈತ ಕ್ಯಾಬಿನೆಟ್ಟಿನ ಉದ್ದ, ಅಗಲ, ಎತ್ತರಗಳನ್ನು ಮಿಲಿಮೀಟರಿನಲ್ಲಿ ಗುಣಿಸಿ, ಹತ್ತು ಲಕ್ಷದಿಂದ ಭಾಗಿಸಿ, ಬಂದ ಉತ್ತರ ನೋಡಿ ಮುಖ ಅರಳಿಸುತ್ತಾನೆ ಅಥವಾ ಸಿಂಡರಿಸುತ್ತಾನೆ. ಸಾಮಾನ್ಯ ಕ್ಯಾಬಿನೆಟ್ಟು ನಲವತ್ತು, ಐವತ್ತು ಲೀಟರಿನದು. ಇಪ್ಪತ್ತರ ಕೆಳಗಿನದನ್ನು ಈತ ಸಹಿಸುತ್ತಾನೆ. ಹತ್ತರ ಆಸುಪಾಸಿಗೆ ಬಂದರೆ ಗೌರವ ಕೊಡುತ್ತಾನೆ. ಪೆಟ್ಟಿಗೆಯ ತಳದ ರಬ್ಬರ್ ಕಾಲುಗಳನ್ನು ಲೆಕ್ಕಕ್ಕೆ ಹಿಡಿಯಬೇಕೋ ಬಿಡಬೇಕೋ ಎಂಬುದು ಈ ಪಂಥದಲ್ಲಿ ಇನ್ನೂ ತೀರ್ಮಾನವಾಗದ ವ್ಯಾಜ್ಯ. ಕಾಲು ಬಿಟ್ಟು ಲೆಕ್ಕ ಹೇಳುವವನನ್ನು ಕಾಲು ಹಿಡಿದು ಲೆಕ್ಕ ಹೇಳುವವನು ಮನುಷ್ಯನೆಂದೇ ಪರಿಗಣಿಸುವುದಿಲ್ಲ. ಮನೆಯವರಿಗೆ ಈ ಮಾನಕ್ಕೆ ಹೊಂದಿಕೊಳ್ಳಲು ಸಮಯ ಹಿಡಿಯುತ್ತದೆ. "ಅಂತೂ ಹತ್ತೂವರೆ ಲೀಟರಿಗೆ ಇಳಿಸಿದೆ ಅಮ್ಮಾ" ಎಂದು ಫೋನಿನಲ್ಲಿ ಸಂಭ್ರಮಪಟ್ಟ ಮಗನಿಗೆ ಸಿಗುವ ಉತ್ತರ ಸಾಮಾನ್ಯವಾಗಿ "ಇಬ್ಬರಿಗೆ ಯಾಕೋ ಅಷ್ಟು ಹಾಲು? ಮನೇಲಿ ಪೂಜೆ ಏನಾದ್ರೂ ಇಟ್ಕೊಂಡಿದೀಯಾ?" ಎಂಬುದೇ.

ಈ ಜೀವಿಯ ಹುಟ್ಟಿಗೆ ಕಾರಣ ಒಂದು ಸಣ್ಣ ಹಲಗೆ. 1995ರಲ್ಲಿ ಇಂಟೆಲ್ ಕಂಪನಿ ಎಟಿಎಕ್ಸ್ ಎಂಬ ಮದರ್‌ಬೋರ್ಡಿನ ಅಳತೆಯನ್ನು ಗೊತ್ತುಮಾಡಿತು: 305 ಮಿಲಿಮೀಟರ್ ಉದ್ದ, 244 ಅಗಲ. ಜಗತ್ತು ಅದಕ್ಕೆ ಒಗ್ಗಿಕೊಂಡು ಸುಖವಾಗಿತ್ತು. 2001ರಲ್ಲಿ ತೈವಾನಿನ ವಿಯಾ ಕಂಪನಿ ಹದಿನೇಳು ಸೆಂಟಿಮೀಟರ್ ಚೌಕದ ಮಿನಿ-ಐಟಿಎಕ್ಸ್ ಹಲಗೆಯನ್ನು ತಂದಿತು. ಕಡಿಮೆ ಕರೆಂಟು ತಿನ್ನುವ, ಹೆಚ್ಚು ಬಿಸಿಯಾಗದ ಸಾಧು ಯಂತ್ರಗಳಿಗೆಂದು ಮಾಡಿದ ಹಲಗೆ ಅದು. ಅದರ ಪಕ್ಕದಲ್ಲಿ ಮುನ್ನೂರು ವಾಟ್ ಉಗುಳುವ ಗ್ರಾಫಿಕ್ಸ್ ಕಾರ್ಡ್ ಕೂರಿಸಿ, ಎರಡನ್ನೂ ಅಂಗೈ ದಪ್ಪದ ಪೆಟ್ಟಿಗೆಯೊಳಗೆ ತುರುಕಿ, ಆಮೇಲೆ "ಬಿಸಿಯಾಗುತ್ತಿದೆಯಲ್ಲ" ಎಂದು ತಲೆ ಕೆಡಿಸಿಕೊಳ್ಳುವ ಯೋಚನೆ ಹಲಗೆ ಮಾಡಿದವರದಲ್ಲ. ಅದು ಸಂಪೂರ್ಣವಾಗಿ ನಮ್ಮ ಕಟ್ಟಾಳುವಿನ ಸ್ವಂತ ಸಂಪಾದನೆ. ಇದಕ್ಕೂ ಮೊದಲು, 2000ದಲ್ಲಿ, ಆಪಲ್ ಕಂಪನಿ ಫ್ಯಾನೇ ಇಲ್ಲದ ಜಿ4 ಕ್ಯೂಬ್ ಎಂಬ ಚಂದದ ಘನಾಕೃತಿಯನ್ನು ಮಾರಾಟಕ್ಕಿಟ್ಟು, ಮರುವರ್ಷವೇ ತಯಾರಿಕೆ ನಿಲ್ಲಿಸಿತ್ತು. ವ್ಯಾಪಾರಸ್ಥರಿಗೆ ಅದು ಪಾಠ. ಕಟ್ಟಾಳುವಿಗೆ ಅದು ಸ್ಫೂರ್ತಿ. 2010ರ ದಶಕದಲ್ಲಿ ಈ ಪಂಥದವರೇ ನಕ್ಷೆ ಬರೆದು, ಜನರಿಂದ ಮುಂಗಡ ಹಣ ಎತ್ತಿ ತಯಾರಿಸಿದ ಪೆಟ್ಟಿಗೆಗಳು ಬಂದವು: ಎನ್‌ಕೇಸ್ ಎಂ1, ಅದರ ಹಿಂದೆಯೇ 7.2 ಲೀಟರಿನ ಡ್ಯಾನ್ ಎ4. ಅಲ್ಲಿಂದಾಚೆಗೆ ಈತ ಒಂಟಿಯಲ್ಲ.

ಗುರುತಿಸುವುದು ಕಷ್ಟವಿಲ್ಲ. ಈತ ಬೆಂಗಳೂರಿನಲ್ಲಿ ಹೇರಳವಾಗಿ ಸಿಗುತ್ತಾನೆ. ವಯಸ್ಸು ಇಪ್ಪತ್ತೆಂಟರಿಂದ ನಲವತ್ತೈದು. ಮೇಜಿನ ಮೇಲೆ ವರ್ನಿಯರ್ ಕ್ಯಾಲಿಪರ್ ಇರುತ್ತದೆ, ಪೆನ್ನು ಇರುವುದಿಲ್ಲ. ಬಣ್ಣಬಣ್ಣದ ದೀಪವಿರುವ ಕಂಪ್ಯೂಟರ್ ಕಂಡರೆ ಈತನ ಮುಖದಲ್ಲಿ ಬ್ಯಾಂಡ್‌ಸೆಟ್ಟಿನವರ ಮುಂದೆ ಸಿಕ್ಕಿಬಿದ್ದ ಸಂಗೀತ ವಿದ್ವಾಂಸರ ಸಂಕಟ ಕಾಣುತ್ತದೆ. ಆಸ್ಟ್ರಿಯದ ನಾಕ್ಚುವಾ ಕಂಪನಿಯ ಕಂದು ಬಣ್ಣದ ಫ್ಯಾನುಗಳನ್ನು ಮಾತ್ರ ಈತ ಕಣ್ಣಿಟ್ಟು ನೋಡುತ್ತಾನೆ. ಆ ಬಣ್ಣವನ್ನು ಬೇರೆ ಯಾವುದೇ ವಸ್ತುವಿನ ಮೇಲೆ, ಉದಾಹರಣೆಗೆ ಮನೆಯ ಪರದೆಯ ಮೇಲೆ, ಈತ ಒಪ್ಪಿಕೊಂಡ ದಾಖಲೆಯಿಲ್ಲ. ಈ ಪಂಥದಲ್ಲಿ ಹೆಣ್ಣುಮಕ್ಕಳೂ ಇದ್ದಾರೆ. ಆದರೆ ಅವರು ಮೊದಲ ಸಲಕ್ಕೇ ಸರಿಯಾಗಿ ಜೋಡಿಸಿ, ಮುಚ್ಚಳ ಹಾಕಿ, ಕೆಲಸಕ್ಕೆ ಕೂತುಬಿಡುವುದರಿಂದ ಅಧ್ಯಯನಕ್ಕೆ ಒದಗುವುದಿಲ್ಲ.

ಕಟ್ಟುವ ಕೆಲಸದಲ್ಲಿ ಅತಿ ದೀರ್ಘವಾದದ್ದು ಕಟ್ಟದೆ ಇರುವ ಅವಧಿ. ಇದು ತಿಂಗಳುಗಟ್ಟಲೆ ನಡೆಯುತ್ತದೆ, ಎಕ್ಸೆಲ್ ಹಾಳೆಯಲ್ಲಿ ನಡೆಯುತ್ತದೆ. ಪ್ರೊಸೆಸರಿನ ಮೇಲೆ ಕೂರುವ ಕೂಲರ್ 37 ಮಿಲಿಮೀಟರಿನದೇ, 70ರದೇ? ಗ್ರಾಫಿಕ್ಸ್ ಕಾರ್ಡಿನ ಉದ್ದ 300 ದಾಟಿದರೆ ಮುಂದಿನ ಫಲಕಕ್ಕೆ ತಾಗುತ್ತದೆಯೇ? ಯಂತ್ರಕ್ಕೆ ಕರೆಂಟು ಒದಗಿಸುವ ಎಸ್‌ಎಂಪಿಎಸ್ ಎಟಿಎಕ್ಸ್ ಅಳತೆಯದಾದರೆ ಒಳಗೆ ಹೋಗುವ ಮಾತೇ ಇಲ್ಲ. 125 ಮಿಲಿಮೀಟರ್ ಅಗಲ, 63.5 ಎತ್ತರ, 100 ಉದ್ದದ ಎಸ್‌ಎಫ್‌ಎಕ್ಸ್ ಜಾತಿಯದೇ ಆಗಬೇಕು. ಈ ಪುಟ್ಟ ಪೆಟ್ಟಿಗೆಗಳಲ್ಲಿ ಬಹುಪಾಲಿನ ಒಳವಿನ್ಯಾಸ ಒಂದೇ: ನಡುವೆ ಒಂದು ಲೋಹದ ಗೋಡೆ, ಒಂದು ಬದಿಗೆ ಮದರ್‌ಬೋರ್ಡು, ಇನ್ನೊಂದು ಬದಿಗೆ ಗ್ರಾಫಿಕ್ಸ್ ಕಾರ್ಡು, ಎರಡಕ್ಕೂ ಸಂಬಂಧ ಕಲ್ಪಿಸಲು ರೈಸರ್ ಎಂಬ ಪಟ್ಟೆ ಕೇಬಲ್ಲು. ಒಂದೇ ಮನೆಯಲ್ಲಿ ಗೋಡೆ ಎಬ್ಬಿಸಿಕೊಂಡು ಬೆನ್ನಿಗೆ ಬೆನ್ನು ಹಾಕಿ ಬಾಳುವ ದಾಯಾದಿಗಳ ವ್ಯವಸ್ಥೆ ಇದು. 2023ರಲ್ಲಿ ಬಂದ 10.4 ಲೀಟರಿನ ಫ್ರ್ಯಾಕ್ಟಲ್ ಟೆರಾದಲ್ಲಂತೂ ಆ ಗೋಡೆಯನ್ನೇ ಆಚೀಚೆ ಸರಿಸಬಹುದು. ಕೂಲರಿಗೆ ಕೊಟ್ಟಷ್ಟು ಜಾಗ ಕಾರ್ಡಿಗೆ ಕಮ್ಮಿ, ಕಾರ್ಡಿಗೆ ಬಿಟ್ಟಷ್ಟು ಕೂಲರಿಗೆ ನಷ್ಟ. ಗೋಡೆ ಎಲ್ಲಿ ನಿಲ್ಲಬೇಕೆಂಬ ಪ್ರಶ್ನೆಯಲ್ಲಿ ಒಂದು ಮಳೆಗಾಲ ಕಳೆದುಹೋಗುವುದು ಅಪರೂಪವಲ್ಲ.

ಹಣದ ಲೆಕ್ಕ ಇಲ್ಲಿ ತಲೆಕೆಳಗು. ಮಿನಿ-ಐಟಿಎಕ್ಸ್ ಹಲಗೆಯಲ್ಲಿ ರ‍್ಯಾಮ್ ಹಾಕಲು ಸಾಮಾನ್ಯವಾಗಿ ಎರಡೇ ಜಾಗ, ಕಾರ್ಡು ಸಿಕ್ಕಿಸಲು ಒಂದೇ ಸೀಳು. ದೊಡ್ಡ ಹಲಗೆಯಲ್ಲಿ ಎಲ್ಲವೂ ಇದರ ದುಪ್ಪಟ್ಟು, ಬೆಲೆ ಮಾತ್ರ ಇದಕ್ಕಿಂತ ಕಡಿಮೆ. ಎಸ್‌ಎಂಪಿಎಸ್ಸಿನ ಕಥೆಯೂ ಅದೇ, ಕ್ಯಾಬಿನೆಟ್ಟಿನದೂ ಅದೇ. ತೆಗೆದುಹಾಕಿದ ಪ್ರತಿಯೊಂದು ಲೀಟರಿಗೂ ಈತ ದಂಡ ಕಟ್ಟುತ್ತಾನೆ, ಸಂತೋಷದಿಂದಲೇ ಕಟ್ಟುತ್ತಾನೆ. ಕಡಿಮೆ ಮಾಲಿಗೆ ಹೆಚ್ಚು ಬೆಲೆ ಎಂಬ ಇದೇ ತತ್ತ್ವವನ್ನು ಹೋಟೆಲಿನವರು ಮಸಾಲೆದೋಸೆಗೆ ಅನ್ವಯಿಸಿದ ದಿನ ಇದೇ ಮನುಷ್ಯ ಮ್ಯಾನೇಜರನ್ನು ಕರೆಸಿ ಜಗಳವಾಡುತ್ತಾನೆ.

ಖರೀದಿಗೆ ಎರಡು ದಾರಿ. ಒಂದು ಎಸ್.ಪಿ. ರೋಡು. ಬೆಂಗಳೂರಿನ ಟೌನ್ ಹಾಲಿನಿಂದ ನಡೆದೇ ಹೋಗಬಹುದಾದ ಈ ಸಾದರ ಪತ್ರಪ್ಪ ರಸ್ತೆಯಲ್ಲಿ ರೆಸಿಸ್ಟರಿನಿಂದ ಸರ್ವರಿನವರೆಗೆ ಎಲ್ಲವೂ ಸಿಗುತ್ತದೆ. ಸಿಗದೇ ಇರುವುದು ಈತ ಕೇಳುವ ವಸ್ತು ಮಾತ್ರ. ಅಲ್ಲಿ ನಡೆಯುವ ಸಂಭಾಷಣೆಗೆ ಹೆಚ್ಚು ಪಾಠಾಂತರಗಳಿಲ್ಲ.

"ಸಾರ್, ಈ ದೊಡ್ಡದ್ ತಗೊಳಿ. ಅದೇ ರೇಟಿಗೆ ನಾಲ್ಕ್ ಫ್ಯಾನು, ನಾಲ್ಕರಲ್ಲೂ ಲೈಟು. ಒಳಗೆ ಕೈ ಆಡತ್ತೆ, ಗಾಳಿ ಆಡತ್ತೆ."

"ಬೇಡ, ನನಗೆ ಚಿಕ್ಕದೇ ಬೇಕು."

"ಯಾಕ್ ಸಾರ್, ಮನೆ ಚಿಕ್ಕದಾ?"

ಮನೆ ಚಿಕ್ಕದಲ್ಲ. ರಾಜರಾಜೇಶ್ವರಿ ನಗರದಲ್ಲಿ ಮೂರು ಬೆಡ್‌ರೂಮಿನದು. ಕಂಪ್ಯೂಟರ್ ಕೂರುವ ಮೇಜು ಆರಡಿಯದು. ಯಂತ್ರ ಇಟ್ಟ ಮೇಲೂ ಅದರಲ್ಲಿ ಒಂದು ಮಗುವನ್ನು ಮಲಗಿಸುವಷ್ಟು ಜಾಗ ಉಳಿಯುತ್ತದೆ. ಅಂಗಡಿಯವನು ಜಿಎಸ್‌ಟಿ 18 ಪರ್ಸೆಂಟ್ ಸೇರಿಸಿ ಹಲಗೆ ಕೊಟ್ಟು, ಕ್ಯಾಬಿನೆಟ್ಟಿಗೆ ಕೈಯಾಡಿಸಿ, ಮುಂದಿನ ಗಿರಾಕಿಯ ಕಡೆ ತಿರುಗುತ್ತಾನೆ. ಆಗ ಎರಡನೆಯ ದಾರಿ ತೆರೆಯುತ್ತದೆ: ಅಮೆರಿಕದಿಂದ ಡಿಸೆಂಬರಿನಲ್ಲಿ ಬರುವ ಹೆಂಡತಿಯ ತಮ್ಮ. ವರ್ಷವಿಡೀ ನೆನಪಾಗದ ಈ ಬಾಂಧವ್ಯ ನವೆಂಬರಿನಲ್ಲಿ ಉಕ್ಕಿ ಬರುತ್ತದೆ. "ಭಾವ, ಅಕ್ಕ ಚಾಕಲೇಟು, ಬಾದಾಮಿ ಅಂತ ಲಿಸ್ಟ್ ಕೊಟ್ಟಿದಾಳೆ" ಎಂದು ಆತ ಹೇಳಿದರೆ, "ಅದೆಲ್ಲ ಇಲ್ಲೇ ಸಿಗತ್ತಪ್ಪಾ, ಸೂಟ್‌ಕೇಸಿನಲ್ಲಿ 343 ಮಿಲಿಮೀಟರ್ ಉದ್ದದ ಜಾಗ ಮಾಡ್ಕೋ" ಎಂಬ ಸಲಹೆ ಹೋಗುತ್ತದೆ. ಪೆಟ್ಟಿಗೆ ಬಟ್ಟೆಗಳ ನಡುವೆ ಸುರಕ್ಷಿತವಾಗಿ ಬಂದು ತಲುಪುತ್ತದೆ. ಬರುವಾಗ ಅದರ ಹೊಟ್ಟೆ ಖಾಲಿ ಇರಬಾರದೆಂದು ಹೆಂಡತಿ ಬಾದಾಮಿಯನ್ನು ಅದರೊಳಗೇ ತುಂಬಿಸಿ ತರಿಸಿಕೊಂಡಿರುತ್ತಾಳೆ. ಪುಟ್ಟ ಪೆಟ್ಟಿಗೆಯ ಸಾಮರ್ಥ್ಯವನ್ನು ಪೂರ್ತಿಯಾಗಿ ಬಳಸಿಕೊಂಡ ಗೌರವ ಆಕೆಗೇ ಸಲ್ಲಬೇಕು.

ಜೋಡಣೆ ಶನಿವಾರ ರಾತ್ರಿ ಊಟವಾದ ಮೇಲೆ, ಊಟದ ಮೇಜಿನ ಮೇಲೆ ನಡೆಯುತ್ತದೆ. ದೊಡ್ಡ ಕ್ಯಾಬಿನೆಟ್ಟಿನಲ್ಲಿ ಯಾವುದನ್ನು ಮೊದಲು ಹಾಕಿದರೂ ನಡೆಯುತ್ತದೆ. ಚಿಕ್ಕದರಲ್ಲಿ ಕ್ರಮ ತಪ್ಪುವಂತಿಲ್ಲ. ವೈದಿಕರ ಮನೆಯ ಶ್ರಾದ್ಧದಲ್ಲೂ ಇಷ್ಟು ಕಟ್ಟುನಿಟ್ಟಿಲ್ಲ. ಮದರ್‌ಬೋರ್ಡಿನ ಬೆನ್ನಿಗೆ ಎಸ್‌ಎಸ್‌ಡಿ ಕೂರುವುದಿದ್ದರೆ ಅದನ್ನು ಹಲಗೆ ಒಳಗಿಳಿಸುವ ಮೊದಲೇ ಹಾಕಬೇಕು. ಅದಕ್ಕೊಂದು ಸ್ಕ್ರೂ ಇದೆ, ಸಾಸಿವೆಗಿಂತ ತುಸು ದೊಡ್ಡದು. ಅದು ಕೈಜಾರಿ ಬಿದ್ದರೆ ನೆಲಕ್ಕೆ ಬಿದ್ದ ಸದ್ದೂ ಬರುವುದಿಲ್ಲ. ಮನೆಯ ಎಲ್ಲ ದೀಪ ಹಾಕಿ, ಫೋನಿನ ಟಾರ್ಚು ಹಿಡಿದು, ಕೆನ್ನೆಯನ್ನು ನೆಲಕ್ಕೆ ಒತ್ತಿಕೊಂಡು ಹುಡುಕುವಾಗ ಸೋಫಾದಡಿ ಕಳೆದ ವರ್ಷದ ಗೌರಿಹಬ್ಬದ ಬಳೆಚೂರು, ಎರಡು ರೂಪಾಯಿಯ ನಾಣ್ಯ, ಮಗುವಿನ ಕ್ರೇಯಾನು ಎಲ್ಲ ಸಿಗುತ್ತವೆ. ಆಮೇಲೆ ಥರ್ಮಲ್ ಪೇಸ್ಟು: ಪ್ರೊಸೆಸರಿನ ತಲೆಯ ಮೇಲೆ ಕಡಲೆಕಾಳಿನಷ್ಟು ಇಡಬೇಕೆನ್ನುವವರು, ಅಡ್ಡಡ್ಡ ಗೀಟು ಎಳೆಯಬೇಕೆನ್ನುವವರು, ಪೂರ್ತಿ ಸವರಬೇಕೆನ್ನುವವರು ಎಂದು ಮೂರು ಮತಗಳಿವೆ. ಕೂಲರನ್ನು ಬಿಗಿದ ಮೇಲೆ ಮೂರೂ ಹೆಚ್ಚುಕಡಿಮೆ ಒಂದೇ ಫಲ ಕೊಡುತ್ತವೆ. ಮತಗಳು ಇದರಿಂದ ವಿಚಲಿತವಾಗಿಲ್ಲ.

ಕೇಬಲ್ಲುಗಳ ಅಧ್ಯಾಯ ಕಣ್ಣೀರಿನದು. ಎಸ್‌ಎಂಪಿಎಸ್ಸಿನಿಂದ ಹೊರಡುವ 24 ತಂತಿಗಳ ದಪ್ಪ ಕಟ್ಟು ಎರಡು ಬೆರಳಿನಷ್ಟು ಸಂದಿಯಲ್ಲಿ ಎರಡು ಸಲ ಬಗ್ಗಬೇಕು. ಅದು ಬಗ್ಗುವುದಿಲ್ಲ, ಈತ ಬಗ್ಗುತ್ತಾನೆ. ಹನ್ನೆರಡೂವರೆಗೆ ಮುಚ್ಚಳ ಕೂರುತ್ತದೆ. ಬಟನ್ ಒತ್ತಿದರೆ ಫ್ಯಾನು ಒಂದು ಸುತ್ತು ತಿರುಗಿ ನಿಲ್ಲುತ್ತದೆ, ಪರದೆ ಕಪ್ಪು. ರ‍್ಯಾಮ್ ಸರಿ ಕೂತಿಲ್ಲವೇ? ರೈಸರ್ ಕೇಬಲ್ ಕೈಕೊಟ್ಟಿತೇ? ಹಲಗೆಯೇ ಸತ್ತಿತೇ? ಒಂದು ಗಂಟೆಗೆ ಸತ್ಯ ಹೊಳೆಯುತ್ತದೆ. ಪ್ರೊಸೆಸರಿಗೆ ಕರೆಂಟು ಕೊಡುವ ಎಂಟು ತಂತಿಯ ಪ್ಲಗ್ಗು ಹಲಗೆಯ ಮೇಲಿನ ಮೂಲೆಯಲ್ಲಿ, ಕೂಲರಿನ ನೆರಳಿನಲ್ಲಿದೆ. ಅದನ್ನು ಸಿಕ್ಕಿಸುವುದೇ ಮರೆತುಹೋಗಿದೆ. ಅದರ ಹತ್ತಿರ ಬೆರಳು ಹೋಗಬೇಕಾದರೆ ಕೂಲರು ಬಿಚ್ಚಬೇಕು. ಕೂಲರು ಬಿಚ್ಚಬೇಕಾದರೆ ಹಲಗೆ ಹೊರಬರಬೇಕು. ಹಲಗೆ ಹೊರಬರಬೇಕಾದರೆ ಎಸ್‌ಎಂಪಿಎಸ್ ಮೊದಲು ಹೊರಬರಬೇಕು. ಬೆಳಗಿನ ಜಾವ ಮೂರಕ್ಕೆ ಪರದೆಯ ಮೇಲೆ ಬೆಳಕು ಮೂಡಿದಾಗ ಹೇಳಿಕೊಳ್ಳಲು ಯಾರೂ ಎಚ್ಚರವಿರುವುದಿಲ್ಲ. ಭಾನುವಾರ ಬೆಳಿಗ್ಗೆ ಇಡ್ಲಿಯ ತಟ್ಟೆ ಇಡಲು ಜಾಗವಿಲ್ಲದ ಮೇಜು ನೋಡಿ ಹೆಂಡತಿ "ರೀ, ಇದು ಮುಗೀತಾ?" ಎನ್ನುತ್ತಾಳೆ. ಮುಗಿದಿರುವುದಿಲ್ಲ. ನಿಜವಾದ ಕೆಲಸ ಶುರುವಾಗುವುದೇ ಈಗ, ಏಕೆಂದರೆ ಯಂತ್ರ ಸದ್ದು ಮಾಡುತ್ತಿದೆ.

ಸದ್ದಿನ ಹಿಂದಿನ ಭೌತಶಾಸ್ತ್ರ ಗಟ್ಟಿಯಾದದ್ದು, ಮತ್ತು ಈತನಿಗೆ ಅದು ಬಾಯಿಪಾಠ. ಫ್ಯಾನಿನ ವೇಗವನ್ನು ಅರ್ಧಕ್ಕಿಳಿಸಿದರೆ ಗಾಳಿ ಅರ್ಧವಾಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಅಂದರೆ ಕಳೆದುಕೊಂಡದ್ದಕ್ಕಿಂತ ಗಳಿಸಿದ್ದು ಹೆಚ್ಚು. ಒಂದೇ ತರಹದ ಎರಡು ಫ್ಯಾನು ಸೇರಿದರೆ ಸದ್ದು ಇಮ್ಮಡಿಯಾಗಿ ಕೇಳಿಸುವುದಿಲ್ಲ, ಬರೀ 3 ಡೆಸಿಬೆಲ್ ಏರುತ್ತದೆ. ಆದ್ದರಿಂದ ಅಗಲವಾದ ಫ್ಯಾನುಗಳನ್ನು ನಿಧಾನವಾಗಿ ಓಡಿಸುವುದೇ ಮೌನದ ರಹಸ್ಯ. ಅಗಲವಾದ ಫ್ಯಾನಿಗೆ ಜಾಗ ಬೇಕು. ಜಾಗವನ್ನು ಈತ ದುಡ್ಡು ಕೊಟ್ಟು ತೆಗೆಸಿಹಾಕಿದ್ದಾನೆ. ಚಿಕ್ಕದೂ ಆಗಬೇಕು, ಮೌನವೂ ಆಗಬೇಕು ಎಂಬ ಎರಡು ಹರಕೆಗಳು ಒಂದನ್ನೊಂದು ತಿನ್ನುತ್ತವೆ, ಅವುಗಳ ನಡುವೆ ಈತನ ವಾರಾಂತ್ಯಗಳು ಕರಗುತ್ತವೆ.

ಪರಿಹಾರವಿಲ್ಲದಿಲ್ಲ. ಪ್ರೊಸೆಸರಿನ ವಿದ್ಯುತ್ ಬಳಕೆ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರಿಳಿಯುವುದರಿಂದ, ಅದೇ ವೇಗದಲ್ಲಿ ಓಡಿಸುತ್ತಲೇ ವೋಲ್ಟೇಜನ್ನು ಹತ್ತು ಪರ್ಸೆಂಟ್ ತಗ್ಗಿಸಿದರೆ ಬಿಸಿ ಹತ್ತಿರಹತ್ತಿರ ಐದನೇ ಒಂದು ಪಾಲು ಕಡಿಮೆಯಾಗುತ್ತದೆ. ಇದಕ್ಕೆ ಅಂಡರ್‌ವೋಲ್ಟ್ ಮಾಡುವುದು ಎನ್ನುತ್ತಾರೆ, ಮತ್ತು ಇದು ಈ ಪಂಥದ ನಿಜವಾದ ಸಾಧನೆ, ನಗುವವರೂ ಒಪ್ಪಬೇಕಾದದ್ದು. ಕಾರ್ಖಾನೆಯವರು ಎಲ್ಲ ಚಿಪ್ಪುಗಳೂ ತಡೆದುಕೊಳ್ಳಲೆಂದು ಧಾರಾಳವಾಗಿ ಇಟ್ಟ ವೋಲ್ಟೇಜನ್ನು ಈತ ಒಂದೊಂದೇ ಹೆಜ್ಜೆ ಇಳಿಸುತ್ತಾ, ಯಂತ್ರ ಎಲ್ಲಿ ನೆಲಕಚ್ಚುತ್ತದೋ ಅಲ್ಲಿಂದ ಎರಡು ಹೆಜ್ಜೆ ಮೇಲೆ ನಿಲ್ಲಿಸುತ್ತಾನೆ. ತಿಂಗಳ ಕರೆಂಟ್ ಬಿಲ್ಲಿನಲ್ಲಿ ಇದರಿಂದ ಆಗುವ ಉಳಿತಾಯವನ್ನು ಹೆಂಡತಿಗೆ ತೋರಿಸುತ್ತಾನೆ. ಆಕೆ ಬಿಲ್ಲು ನೋಡಿ, ಗೀಸರ್ ಆಫ್ ಮಾಡಿದ್ದೀರಾ ಎಂದು ಕೇಳುತ್ತಾಳೆ.

ಈಗ ಯಂತ್ರ ಬಹುತೇಕ ಮೌನ. ಅದನ್ನು ರುಜುವಾತುಪಡಿಸುವುದು ಹೇಗೆಂಬುದು ಮುಂದಿನ ತೊಡಕು. ಕರ್ನಾಟಕದ ಮನೆಯಲ್ಲಿ ಹಗಲು ಹೊತ್ತು ಮೌನವಾದ ಕಂಪ್ಯೂಟರನ್ನು ಕೇಳಿಸಿಕೊಳ್ಳುವುದು ಅಸಾಧ್ಯ. ತಲೆಯ ಮೇಲೆ ಸೀಲಿಂಗ್ ಫ್ಯಾನು, ಒಳಗೆ ಕುಕ್ಕರಿನ ವಿಷಲ್ಲು, ಪಕ್ಕದ ಮನೆಯಲ್ಲಿ ಮಿಕ್ಸಿ, ಎದುರು ಸೈಟಿನಲ್ಲಿ ಬೋರ್‌ವೆಲ್ಲು, ಬೀದಿಯಲ್ಲಿ ಹಳೇ ಪೇಪರಿನವನು. ಕರೆಂಟು ಹೋದರೆ ಸದ್ದೆಲ್ಲ ಅಡಗಿ ಪರೀಕ್ಷೆಗೆ ತಕ್ಕ ನಿಶ್ಶಬ್ದ ಕವಿಯುತ್ತದೆ, ಆದರೆ ಆಗ ಯಂತ್ರವೂ ಆರಿರುತ್ತದೆ. ಯುಪಿಎಸ್ ಇದ್ದರೆ ಅದು ಬಾಯಿ ಬಡಿದುಕೊಳ್ಳುತ್ತಿರುತ್ತದೆ. ಹೀಗಾಗಿ ಅಳತೆಯ ಮುಹೂರ್ತ ರಾತ್ರಿ ಎರಡು ಗಂಟೆ. ಸೀಲಿಂಗ್ ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಫ್ರಿಜ್ಜಿನ ಪ್ಲಗ್ಗು ಕಿತ್ತು, ಫೋನಿನ ಡೆಸಿಬೆಲ್ ಆ್ಯಪ್ ಹಿಡಿದು ಉಸಿರು ಬಿಗಿಹಿಡಿಯಬೇಕು. ಫೋನಿನ ಮೈಕು 30 ಡೆಸಿಬೆಲಿನ ಕೆಳಗೆ ಹೇಳುವ ಲೆಕ್ಕ ನೆಚ್ಚುವಂಥದ್ದಲ್ಲ, ಪಿಸುಮಾತೇ ಅಷ್ಟಿರುತ್ತದೆ. ಆದರೂ ಅಂಕಿ ಬೀಳುತ್ತದೆ, ಬರೆದಿಟ್ಟುಕೊಳ್ಳುತ್ತಾನೆ. ಬೆಳಿಗ್ಗೆ ಫ್ರಿಜ್ಜಿನ ಹಾಲು ಒಡೆದಿರುತ್ತದೆ.

ಫ್ಯಾನಿನ ಸದ್ದು ಅಡಗಿದ ಮೇಲೆ, ಅದುವರೆಗೆ ಅದರ ಮರೆಯಲ್ಲಿದ್ದ ಇನ್ನೊಂದು ಸದ್ದು ಹೊರಬರುತ್ತದೆ. ಗ್ರಾಫಿಕ್ಸ್ ಕಾರ್ಡಿನ ಮೇಲಿರುವ ಸುರುಳಿಗಳು ಕರೆಂಟಿನ ಏರಿಳಿತಕ್ಕೆ ನಡುಗಿ ಸಣ್ಣ ದನಿಯಲ್ಲಿ ಕುಂಯ್‌ಗುಡುತ್ತವೆ. ಕಾಯಿಲ್ ವೈನ್ ಎಂಬ ಈ ಪೀಡೆಗೆ ಪೂರ್ಣ ಪರಿಹಾರವಿಲ್ಲ. ಆಟದ ಚಿತ್ರಗಳ ವೇಗಕ್ಕೆ ಮಿತಿ ಹಾಕಿದರೆ ಸ್ವಲ್ಪ ಸುಮ್ಮನಾಗುತ್ತದೆ, ಅಷ್ಟೆ. ಇದರ ಕ್ರೂರವಾದ ಮುಖ ಬೇರೆಯೇ ಇದೆ. ವಯಸ್ಸಾದಂತೆ ಮನುಷ್ಯನ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಸ್ವರಗಳನ್ನು. ಆದ್ದರಿಂದ ನಲವತ್ತು ದಾಟಿದ ಕಟ್ಟಾಳು ಆರು ವರ್ಷದ ಮಗಳನ್ನು ಕರೆದು ಯಂತ್ರದ ಪಕ್ಕ ನಿಲ್ಲಿಸುತ್ತಾನೆ.

"ಏನಾದ್ರೂ ಕೇಳಿಸ್ತಿದ್ಯಾ ಪುಟ್ಟಿ?"

"ಹೂಂ ಅಪ್ಪಾ, ಸೊಳ್ಳೆ ತರ. ನಿಂಗೆ ಕೇಳಿಸಲ್ವಾ?"

ಕೇಳಿಸುವುದಿಲ್ಲ. ತನಗೆ ಕೇಳಿಸದ ಸದ್ದನ್ನು ನಿಲ್ಲಿಸಲು ಈತ ಮುಂದಿನ ವಾರವೇ ಕಾರ್ಡು ಬದಲಾಯಿಸುತ್ತಾನೆ.

ಇಷ್ಟೆಲ್ಲ ಆಗಿ ನಿಂತ ಯಂತ್ರದಲ್ಲಿ ನಡೆಯುವ ಕೆಲಸವೇನೆಂದು ನೋಡಿದರೆ: ತಾಪಮಾನ ತೋರಿಸುವ ತಂತ್ರಾಂಶ ಸದಾ ತೆರೆದಿರುತ್ತದೆ, ಯಂತ್ರವನ್ನು ಹಿಂಡಿ ಪರೀಕ್ಷಿಸುವ ತಂತ್ರಾಂಶ ವಾರಕ್ಕೊಮ್ಮೆ ಓಡುತ್ತದೆ, ಮುಂದಿನ ಪೆಟ್ಟಿಗೆಯ ಎಕ್ಸೆಲ್ ಹಾಳೆ ಪಕ್ಕದ ಕಿಟಕಿಯಲ್ಲಿರುತ್ತದೆ. ಆಟ ಆಡುವುದೆಂದು ದುಬಾರಿ ಕಾರ್ಡು ಕೊಂಡದ್ದು ನಿಜ. ಆದರೆ ಆಟ ಶುರುವಾದರೆ ಫ್ಯಾನಿನ ವೇಗ ಏರುತ್ತದಲ್ಲ! ಆಫೀಸಿನ ಕೆಲಸ ಕಂಪನಿ ಕೊಟ್ಟ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆ. ಅದರ ಫ್ಯಾನು ಕಿರುಚುವುದನ್ನು ಈತ ಎಂಟು ಗಂಟೆ ಕಾಲ ಗಮನಿಸುವುದೇ ಇಲ್ಲ.

ಪಂಥದೊಳಗೆ ಉಪಪಂಥಗಳಿವೆ. ಫ್ಯಾನನ್ನೇ ತ್ಯಜಿಸಿ, ಪೆಟ್ಟಿಗೆಯ ಮೈಯನ್ನೇ ಬಿಸಿ ಆರಿಸುವ ಲೋಹದ ರೆಕ್ಕೆಗಳಾಗಿಸಿಕೊಂಡವರು ಸನ್ಯಾಸಿಗಳು. ಇವರು ಬೆಂಗಳೂರಿನಲ್ಲಿ ಬದುಕುತ್ತಾರೆ. ರಾಯಚೂರು, ಕಲಬುರಗಿಯ ಏಪ್ರಿಲ್ಲಿನಲ್ಲಿ, ಕೋಣೆಯೇ ನಲವತ್ತು ಡಿಗ್ರಿ ಮುಟ್ಟುವಾಗ, ಇವರ ತತ್ತ್ವಕ್ಕೆ ಉಳಿಗಾಲವಿಲ್ಲ. ಹತ್ತು ಲೀಟರಿನೊಳಗೆ ನೀರಿನ ಕೊಳವೆ ಓಡಿಸುವವರು ಸಾಹಸಿಗಳು; ಅವರ ಬಗ್ಗೆ ಒಣ ಬಟ್ಟೆ ಹತ್ತಿರವಿಟ್ಟುಕೊಂಡು ಮಾತಾಡಬೇಕು. ಸಿದ್ಧವಾಗಿಯೇ ಸಿಗುವ ಪುಟ್ಟ ಡಬ್ಬಿ ಕೊಳ್ಳುವವರನ್ನು ಪಂಥಕ್ಕೆ ಸೇರಿಸಿಕೊಂಡಿಲ್ಲ.

ಈ ಕೊನೆಯ ವಿಷಯದಲ್ಲಿ ಒಂದು ಗಾಯವಿದೆ. 2024ರ ಕೊನೆಗೆ ಆಪಲ್‌ನವರು ಹೊಸ ಮ್ಯಾಕ್ ಮಿನಿ ತಂದರು: 12.7 ಸೆಂಟಿಮೀಟರ್ ಚೌಕ, 5 ಸೆಂಟಿಮೀಟರ್ ಎತ್ತರ, ಎಸ್‌ಎಂಪಿಎಸ್ಸೂ ಒಳಗೇ. ಗುಣಿಸಿ ಭಾಗಿಸಿದರೆ 0.8 ಲೀಟರು. ಅದನ್ನು ಹೆಂಡತಿಯೇ ತನ್ನ ಕೆಲಸಕ್ಕೆಂದು ಕೊಂಡು, ಡಬ್ಬಿಯಿಂದ ತೆಗೆದು, ಮೇಜಿನ ಮೇಲಿಟ್ಟು, ಹತ್ತು ನಿಮಿಷದಲ್ಲಿ ಮೇಲ್ ಕಳಿಸಲು ಶುರುಮಾಡಿದ ಮನೆಗಳಿವೆ. ಅಂಥ ಮನೆಗಳಲ್ಲಿ ಕಟ್ಟಾಳು ಮೊದಲ ವಾರ "ಅದರಲ್ಲಿ ರ‍್ಯಾಮ್ ಬದಲಾಯಿಸೋಕಾಗಲ್ಲ" ಎನ್ನುತ್ತಾನೆ. ಮಾತು ಸತ್ಯವೇ. "ನಿಮ್ಮದರಲ್ಲಿ ಎಷ್ಟು ಸಲ ಬದಲಾಯಿಸಿದೀರಿ?" ಎಂಬ ಪ್ರಶ್ನೆಗೆ ಎರಡನೇ ವಾರವೂ ಉತ್ತರ ಸಿದ್ಧವಾಗಿರುವುದಿಲ್ಲ.

ಹೊಸ ಪೆಟ್ಟಿಗೆ ಬಂದಾಗ ಹಳೆಯದು ಊರಿಗೆ ಹೋಗುತ್ತದೆ. ದಾವಣಗೆರೆಯಲ್ಲೋ ಶಿವಮೊಗ್ಗದಲ್ಲೋ ಇರುವ ತಂದೆ ಅದನ್ನು ಬ್ಯಾಂಕಿನ ಪಾಸ್‌ಬುಕ್ ನೋಡಲು, ಯೂಟ್ಯೂಬಿನಲ್ಲಿ ಯಕ್ಷಗಾನ ನೋಡಲು ಬಳಸುತ್ತಾರೆ. ಅಲ್ಲಿ ಯಂತ್ರಕ್ಕೆ ಕೊನೆಗೂ ಒಬ್ಬ ದುಡಿಸಿಕೊಳ್ಳುವ ಒಡೆಯ ಸಿಗುತ್ತಾನೆ. ತಾಯಿ ಅದರ ಮೇಲೆ ತಾವೇ ಹೆಣೆದ ಕ್ರೋಶಾ ಬಟ್ಟೆ ಹೊದಿಸಿ, ಬಟ್ಟೆಯ ಮೇಲೆ ಕುಂಕುಮದ ಬಟ್ಟಲು ಹಿಡಿದ ಹಿತ್ತಾಳೆಯ ಗಣಪನನ್ನು ಕೂರಿಸುತ್ತಾರೆ. ಬಿಸಿ ಗಾಳಿ ಹೊರಹೋಗಬೇಕಾದ ಜಾಲರಿ ಇರುವುದು ಸರಿಯಾಗಿ ಗಣಪನ ಅಡಿಯಲ್ಲಿ. "ಸಿಪಿಯು ಸಿಕ್ಕಾಪಟ್ಟೆ ಕೂಗ್ತಿದೆ ಕಣೋ" ಎಂದು ತಂದೆಯ ಫೋನು ಬಂದು, ವಿಡಿಯೋ ಕಾಲಿನಲ್ಲಿ ದೃಶ್ಯ ಕಂಡ ಮಗ ಎದೆ ಹಿಡಿದುಕೊಂಡು ಬಟ್ಟೆ ತೆಗೆಯಲು ಹೇಳುತ್ತಾನೆ. ತಾಯಿ ಒಪ್ಪುವುದಿಲ್ಲ: ಧೂಳು ಬೀಳುತ್ತದೆ, ಗಣಪನನ್ನು ಕದಲಿಸುವಂತಿಲ್ಲ. ಮುಂದಿನ ಹಬ್ಬಕ್ಕೆ ಊರಿಗೆ ಹೋಗುವಾಗ ಈತನ ಚೀಲದಲ್ಲಿ ಕ್ಯಾಲಿಪರ್ ಇರುತ್ತದೆ. ಗಣಪನ ಪೀಠ ಅಳೆದು, ನಾಲ್ಕು ಕಾಲಿನ, ಅಡಿಯಿಂದ ಗಾಳಿಯಾಡುವ, 40 ಮಿಲಿಮೀಟರ್ ಎತ್ತರದ ಒಂದು ಮಣೆ ಮಾಡಿಸಿ, ಕ್ರೋಶಾ ಬಟ್ಟೆಯನ್ನು ಅದರ ಮೇಲೆ ಹಾಸಿಕೊಡುತ್ತಾನೆ. ಮಣೆಯನ್ನೂ ಸೇರಿಸಿದರೆ ಯಂತ್ರ ಎಷ್ಟು ಲೀಟರಾಯಿತೆಂಬುದನ್ನು ಮಾತ್ರ ಲೆಕ್ಕ ಹಾಕುವುದಿಲ್ಲ.